ಸಂಕ ಹಾಕಿ ಉಂಟು

ಜುಲೈ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನನ್ನ ಡೈರಿಯಲ್ಲಿ ಆ ದಿನದ ಮೊದಲ ಸಾಲು ಇಷ್ಟೇ: "ಮಂಗಳೂರಿನಿಂದ ಫೋನ್. ಎಲ್.ಎ. ಪ್ರಶ್ನೆ. ಜರೂರು." ಇದು ನಡೆದು ನಾಲ್ಕು ವರ್ಷಗಳಾದವು. ವರ್ಷವನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಆಗಿನ ಸಚಿವರು ಯಾರು, ಪ್ರಶ್ನೆ ಕೇಳಿದವರು ಯಾರು ಎಂಬುದು ತಿಳಿದುಬಿಡುತ್ತದೆ. ಅವರ ಹೆಸರಿಗಿಂತ ನಾನು ಮಾಡಿದ ತಪ್ಪು ಇಲ್ಲಿ ಮುಖ್ಯ.

ನಾನು ಆಗ ಉಡುಪಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ರಸ್ತೆ, ಮೋರಿ, ಸೇತುವೆ ನಮ್ಮ ವಿಷಯ. ವಯಸ್ಸು ಇಪ್ಪತ್ಮೂರು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಖಾಯಂ ಆಗಲು ಇನ್ನೂ ಹದಿನಾರು ತಿಂಗಳು ಬಾಕಿ. ಬನ್ನಂಜೆಯ ಮನೆಯಿಂದ ನಡೆದುಕೊಂಡೇ ಹೋಗಿಬರುತ್ತಿದ್ದೆ.

ಎಲ್.ಎ. ಪ್ರಶ್ನೆ ಎಂದರೆ ವಿಧಾನಸಭೆಯ ಪ್ರಶ್ನೆ. ಅದು ಬಂದರೆ ಕಚೇರಿಯಲ್ಲಿ ಉಳಿದ ಕೆಲಸವೆಲ್ಲ ನಿಲ್ಲುತ್ತದೆ. ಈ ಪ್ರಶ್ನೆಗೆ ಚುಕ್ಕೆ ಗುರುತಿತ್ತು, ಅಂದರೆ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು. ಅದರ ಮೇಲೆ ಸದಸ್ಯರು ಉಪಪ್ರಶ್ನೆ ಕೇಳಬಹುದು. ಕೇಳಿದ್ದವರು ಕರಾವಳಿಯ ಒಬ್ಬ ವಿರೋಧ ಪಕ್ಷದ ಸದಸ್ಯರು. ಉಡುಪಿ ಮತ್ತು ಕಾರ್ಕಳ ತಾಲೂಕುಗಳಲ್ಲಿ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಸೇತುವೆ ಇಲ್ಲದ ತೋಡು, ಹೊಳೆಗಳು ಎಷ್ಟು? ಅವುಗಳಿಗೆ ಸೇತುವೆ ಯಾವಾಗ? ಉತ್ತರಿಸಬೇಕಾದ ದಿನ ಜುಲೈ ಇಪ್ಪತ್ತು.

ನಮ್ಮ ಮೇಲ್ವಿಚಾರಕರು ಮೈಸೂರು ಕಡೆಯವರು. ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. "ಪಟ್ಟಿ ನೀನು ಮಾಡಮ್ಮ. ನಿನಗೆ ಲೆಕ್ಕದ ಹುಚ್ಚು ಇದೆಯಲ್ಲ," ಎಂದರು. ಹುಚ್ಚು ಇದ್ದದ್ದು ನಿಜ. ಬಂದ ಹೋದ ಕಾಗದಗಳ ಆವಕ ಜಾವಕವನ್ನು ಕಚೇರಿಯ ಪುಸ್ತಕದಲ್ಲಿ ಒಮ್ಮೆ, ನನ್ನ ಡೈರಿಯಲ್ಲಿ ಒಮ್ಮೆ ಬರೆದಿಡುತ್ತಿದ್ದೆ.

ಶಾಲೆಗಳ ಯಾದಿ ತರಿಸಿ, ದಾರಿಯಲ್ಲಿ ನೀರು ದಾಟಬೇಕಾದ ಜಾಗಗಳನ್ನು ಗುರುತಿಸಿದಾಗ ಅರವತ್ತೊಂದು ಆಯಿತು. ಕಾಪುವಿನ ಹಿಂದಿನ ತೋಡುಗಳಿಂದ ಅಜೆಕಾರಿನ ಆಚೆಯ ಹೊಳೆಯವರೆಗೆ. ಪ್ರತಿಯೊಂದಕ್ಕೂ ಒಂದು ಕಾರ್ಡು. ಮೇಲೆ ಊರು, ಹೊಳೆಯ ಹೆಸರು, ಕೆಳಗೆ "ಸೇತುವೆ ಇದೆಯೇ?" ಎಂಬ ಪ್ರಶ್ನೆ, ಉತ್ತರಕ್ಕೆ ಒಂದೇ ಒಂದು ಗೆರೆ. ಒಂದೇ ಗೆರೆ ಸಾಕೆಂದು ತೀರ್ಮಾನಿಸಿದ್ದು ನಾನು. ಹೆಚ್ಚು ಜಾಗ ಕೊಟ್ಟರೆ ಉತ್ತರ ತುಂಬಬೇಕಾದ ಊರ ಶಾನುಭೋಗರು ಪುರಾಣ ಬರೆಯುತ್ತಾರೆ, ಎಣಿಸಲು ಕಷ್ಟ ಎಂದು ನನ್ನ ಎಣಿಕೆ. ಅರವತ್ತೊಂದು ಕಾರ್ಡುಗಳ ಮೇಲೂ ಕೆಂಪು ಪೆನ್ಸಿಲಿನಲ್ಲಿ "ಜರೂರು" ಎಂದು ಬರೆದು ಎರಡೆರಡು ಗೆರೆ ಎಳೆದೆ. ಅಂಚೆ ತಡವಾಗುತ್ತದೆಂದು ಹೆಚ್ಚಿನವನ್ನು ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕಳಿಸಿದೆವು. ಉತ್ತರವೂ ಹಾಗೆಯೇ ಬರಬೇಕು.

ಹನ್ನೆರಡಕ್ಕೆ ಒಂಬತ್ತು ಕಾರ್ಡು ಮರಳಿದವು. ಹದಿಮೂರಕ್ಕೆ ಇಪ್ಪತ್ತೆರಡು. ಹದಿನಾಲ್ಕರಂದು ಮಳೆ ಎಷ್ಟೆಂದರೆ ಶಾಲೆಗಳಿಗೆ ರಜೆ ಸಾರಿದ್ದರು. ಆದರೂ ಹದಿನೆಂಟು ಬಂದವು. ಅವುಗಳಲ್ಲೊಂದು ಕ್ರಮಸಂಖ್ಯೆ ಇಪ್ಪತ್ತೇಳು, ಅಜೆಕಾರಿನ ಆಚೆಯದು. ಡೈರಿಯಲ್ಲಿ ಹೀಗಿದೆ: "೨೭. ಮಧ್ಯಾಹ್ನ ೩.೧೦. ಕಂಡಕ್ಟರ್ ಮೂಲಕ. ಒದ್ದೆ. ಅಕ್ಷರ ಚಂದ. ಸಂಕ ಹಾಕಿ ಉಂಟು." ಹದಿನೈದಕ್ಕೆ ಉಳಿದ ಹನ್ನೆರಡೂ ಬಂದವು.

ಪಟ್ಟಿ ಬರೆಯಲು ಕುಳಿತಾಗ ಮೇಲ್ವಿಚಾರಕರು ಕಾರ್ಡಿನ ಕಟ್ಟು ಕೈಗೆತ್ತಿಕೊಂಡರು.

"ಸಂಕ ಅಂದ್ರೆ ಏನಮ್ಮ? ಎಲ್ಲ ಕಡೆ ಸಂಕ, ಸಂಕ."

"ಸೇತುವೆ ಸರ್. ನಮ್ಮ ತುಳುವಿನಲ್ಲಿ, ಇಲ್ಲಿಯ ಕನ್ನಡದಲ್ಲಿ ಹಾಗೆ ಹೇಳುವುದು."

"ದೊಡ್ಡ ಸೇತುವೆಗೂ?"

"ಹೌದು ಸರ್. ಹೆದ್ದಾರಿಯ ಸೇತುವೆಗೂ ನಮ್ಮ ಅಮ್ಮ ಸಂಕ ಅಂತಲೇ ಹೇಳುವುದು."

"ಹಾಗಾದರೆ ಎಲ್ಲ ಕಡೆ ಸೇತುವೆ ಅಂತ ಬರಿ. ಸದನದಲ್ಲಿ ಸಂಕ ಗಿಂಕ ಓದಿದರೆ ನಗ್ತಾರೆ."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಮ್ಮ ಹಾಗೆಯೇ ಹೇಳುತ್ತಾರೆ. ನಾನು ಬೆಳೆದದ್ದು ಪೇಟೆಯಲ್ಲಿ. ನಾನು ಕಂಡ ಸಂಕಗಳೆಲ್ಲ ಕಲ್ಲಿನವು, ಕಾಂಕ್ರೀಟಿನವು. ಪಟ್ಟಿ ಹೀಗಾಯಿತು: ಒಟ್ಟು ಅರವತ್ತೊಂದು, ಸೇತುವೆ ಇರುವುದು ನಲವತ್ತಮೂರು, ಇಲ್ಲದ್ದು ಹದಿನೆಂಟು. ಕಟಪಾಡಿಯವರಾದ ನಮ್ಮ ಎಂಜಿನಿಯರರು ಅಳತೆ ಕೆಲಸದಿಂದ ಒದ್ದೆಯಾಗಿ ಬಂದು, ಒಟ್ಟು ಸರಿಯಿದೆಯೇ ಎಂದು ಮಾತ್ರ ಕೇಳಿ ಸಹಿ ಹಾಕಿದರು. ಕಾರ್ಡುಗಳನ್ನು ಅವರು ನೋಡಲಿಲ್ಲ.

ಹದಿನೆಂಟರಂದು ಮಂಗಳೂರಿನಿಂದ ಮತ್ತೆ ಫೋನು. ಕಡತದ ಜೊತೆ ಎಂಜಿನಿಯರರೇ ಬೆಂಗಳೂರಿಗೆ ಬರಬೇಕು, ಉಪಪ್ರಶ್ನೆಗೆ ಮಾಹಿತಿ ಕೈಯಲ್ಲಿರಬೇಕು. ಅವರು ನನ್ನ ಮೇಜಿನ ಬಳಿ ಬಂದರು.

"ನೀನೂ ಹೊರಡು ಮಾರಾಯ್ತಿ. ಅರವತ್ತೊಂದು ಹೊಳೆಯ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಿನ್ನ ಬಾಯಲ್ಲಿ ಉಂಟಲ್ಲ."

ಅವರ ಅಕ್ಕನ ಮನೆ ಬೆಂಗಳೂರಿನಲ್ಲಿದ್ದುದರಿಂದ ಅಪ್ಪ ಒಪ್ಪಿದರು. ಮೂಲ ಕಾರ್ಡುಗಳನ್ನು ಬೂಟಿನ ಡಬ್ಬದಲ್ಲಿ ತುಂಬಿಸಿ, ಡೈರಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ.

ಜುಲೈ ಇಪ್ಪತ್ತು. ವಿಧಾನಸಭೆಯಲ್ಲಿ ಅಧಿಕಾರಿಗಳು ಕೂರುವ ಜಾಗ ಬೇರೆ ಇದೆ. ಸಚಿವರಿಗೆ ಮಾಹಿತಿ ಬೇಕಾದರೆ ಅಲ್ಲಿಂದ ಚೀಟಿ ಬರೆದು ಜವಾನನ ಕೈಯಲ್ಲಿ ಕಳಿಸಬೇಕು. ನಾನು ಎಂಜಿನಿಯರರ ಹಿಂದಿನ ಸಾಲಿನಲ್ಲಿ, ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಸಚಿವರು ಬಯಲುಸೀಮೆಯವರು, ಎತ್ತರದ ಆಳು. ಉತ್ತರ ಓದುವಾಗ ಕನ್ನಡಕವನ್ನು ಹಣೆಗೇರಿಸಿಕೊಳ್ಳುತ್ತಿದ್ದರು. ನಮ್ಮ ಪ್ರಶ್ನೆ ಹನ್ನೊಂದು ಗಂಟೆ ಮೂವತ್ತೆರಡಕ್ಕೆ ಬಂತು.

"ಸೇತುವೆ ಇಲ್ಲದಿರುವುದು ಹದಿನೆಂಟು. ಪಟ್ಟಿಯನ್ನು ಸದನದ ಮುಂದಿಟ್ಟಿದ್ದೇನೆ. ಈ ಹದಿನೆಂಟನ್ನು ಹಂತಹಂತವಾಗಿ ಕೈಗೆತ್ತಿಕೊಳ್ಳಲಾಗುವುದು. ಉಳಿದ ನಲವತ್ತಮೂರು ಕಡೆ ಸೇತುವೆ ಇರುವುದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ."

ನಾನು ಬರೆದ ಸಂಖ್ಯೆ ಆ ದೊಡ್ಡ ಸಭಾಂಗಣದಲ್ಲಿ ಕೇಳಿದಾಗ ನನಗೆ ಹೆಮ್ಮೆಯಾಯಿತು. ಅದು ಎರಡು ನಿಮಿಷವೂ ಉಳಿಯಲಿಲ್ಲ.

ಪ್ರಶ್ನೆ ಕೇಳಿದ್ದ ಸದಸ್ಯರು ಎದ್ದರು. ಬಿಳಿಯ ತಲೆ, ಸಣ್ಣ ದೇಹ, ಕೈಯಲ್ಲಿ ನಮ್ಮ ಪಟ್ಟಿ.

"ಮಾನ್ಯ ಅಧ್ಯಕ್ಷರೇ, ಕ್ರಮಸಂಖ್ಯೆ ಇಪ್ಪತ್ತೇಳು. ಸೇತುವೆ ಇದೆ ಎಂದು ಉತ್ತರ. ಆ ಸೇತುವೆ ಯಾವುದರಿಂದ ಮಾಡಿದ್ದು ಎಂದು ಸಚಿವರು ಹೇಳುತ್ತಾರೆಯೇ?"

ಸಚಿವರು ನಮ್ಮ ಕಡೆ ನೋಡಿದರು. ಎಂಜಿನಿಯರರು ನನ್ನ ಕಡೆ ತಿರುಗಿದರು. ನಾನು ಡಬ್ಬದಲ್ಲಿ ಕಾರ್ಡು ಹುಡುಕುತ್ತಿದ್ದಂತೆಯೇ ಅವರು ಚೀಟಿಯ ಮೇಲೆ ಏನೋ ಗೀಚಿ ಜವಾನನಿಗೆ ಕೊಟ್ಟುಬಿಟ್ಟರು. ಸಚಿವರು ಓದಿದರು: "ಕಾಂಕ್ರೀಟಿನದ್ದು."

"ಕಾಂಕ್ರೀಟ್ ನೀರಿನಲ್ಲಿ ತೇಲುತ್ತದೆಯೇ, ಸ್ವಾಮಿ?"

ಸದನ ನಕ್ಕಿತು. ಸಚಿವರೂ ನಕ್ಕರು. "ನಮ್ಮ ಸರಕಾರದ ಕಾಂಕ್ರೀಟ್ ತೇಲುವುದಿಲ್ಲ. ಹಿಂದಿನವರ ಕಾಲದ್ದಾದರೆ ನನಗೆ ಗೊತ್ತಿಲ್ಲ."

"ತೇಲಿದೆ," ಎಂದರು ಹಿರಿಯರು. ದನಿ ಏರಿಸಲಿಲ್ಲ. "ಹದಿನಾಲ್ಕನೇ ತಾರೀಕು ಸಚಿವರ ಕಾಂಕ್ರೀಟ್ ತೇಲಿಕೊಂಡು ಹೋಗಿದೆ. ಯಾಕೆಂದರೆ ಅದು ಎರಡು ತೆಂಗಿನ ಮರ, ಹಿಡಿದುಕೊಳ್ಳಲು ಒಂದು ಬಿದಿರು. ಮಳೆಗಾಲ ಶುರುವಾಗುವಾಗ ಊರವರು ಹಾಕುತ್ತಾರೆ, ಮುಗಿಯುವಾಗ ತೆಗೆಯುತ್ತಾರೆ. ನಮ್ಮ ಕಡೆ ಅದಕ್ಕೆ ಸಂಕ ಎನ್ನುತ್ತಾರೆ. ಹೋಗುವಾಗ ಅದು ಒಬ್ಬಳು ಶಾಲಾ ಶಿಕ್ಷಕಿಯನ್ನೂ ಕರೆದುಕೊಂಡು ಹೋಗಿದೆ. ಆಕೆ ಬದುಕಿದ್ದಾಳೆ. ಮಣಿಪಾಲದ ಆಸ್ಪತ್ರೆಯಲ್ಲಿದ್ದಾಳೆ. ಸಚಿವರ ಪಟ್ಟಿಯಲ್ಲಿ ಆಕೆ ಬಿದ್ದಿಲ್ಲ, ಯಾಕೆಂದರೆ ಅಲ್ಲಿ ಸೇತುವೆ ಇದೆ."

ಇಪ್ಪತ್ತೇಳನೇ ಕಾರ್ಡು ಆಗ ನನ್ನ ಕೈಯಲ್ಲಿತ್ತು. ಸಂಕ ಹಾಕಿ ಉಂಟು. ಹಾಕಿ. ಆ ಕ್ಷಣದವರೆಗೆ ಆ ಪದವನ್ನು ನಾನು ಓದಿರಲೇ ಇಲ್ಲ. ಹೆದ್ದಾರಿಯ ಸಂಕವನ್ನು ಅಮ್ಮ ಎಂದೂ 'ಹಾಕಿದ್ದು' ಎಂದಿಲ್ಲ, ಅದನ್ನು ಕಟ್ಟಿದ್ದು. ಮುಂದಿನ ಕಾರ್ಡು ತೆಗೆದೆ: "ಸಂಕ ಹಾಕಿದೆ." ಅದರ ಮುಂದಿನದು: "ಸಂಕ ಹಾಕಿರುತ್ತೇವೆ." ಡಬ್ಬದ ಮುಚ್ಚಳ ಮಡಿಲಿನಿಂದ ಜಾರಿ ಕೆಳಗೆ ಬಿತ್ತು. ಸದನದಲ್ಲಿ ಗದ್ದಲವಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ. "ಸುಳ್ಳು ಉತ್ತರ!" "ಹಕ್ಕುಚ್ಯುತಿ!" ಎಂದು ಎದುರಿನ ಸಾಲುಗಳು ಕೂಗುತ್ತಿದ್ದವು. ನಾಳೆ ಸ್ಪಷ್ಟನೆ ಕೊಡಬೇಕೆಂದು ಅಧ್ಯಕ್ಷರು ಸಚಿವರಿಗೆ ಹೇಳಿದರು.

ಮಧ್ಯಾಹ್ನ ಎರಡು ಗಂಟೆಗೆ ಸಚಿವರ ಕೊಠಡಿ. ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಆಗಲೇ ನಿಘಂಟು ತರಿಸಿಟ್ಟುಕೊಂಡಿದ್ದರು.

"ಸರ್, ಸಂಕ ಎಂದರೆ ಸೇತುವೆ ಅಂತಲೇ ಇದೆ. ಊರಿನಿಂದ ಬಂದ ಉತ್ತರ ಸಂಕ, ನಾವು ಹೇಳಿದ್ದು ಸೇತುವೆ. ಅನುವಾದ ಸರಿಯಾಗಿದೆ. ನಾಳೆ ಇದನ್ನೇ ಓದಿ ಕೂತುಬಿಡಿ. ಒಂದು ಕಡೆ ಕೊಚ್ಚಿಹೋಗಿದೆ, ಅದನ್ನು ಸೇರಿಸಿ ಹತ್ತೊಂಬತ್ತು ಅಂತ ಮಾಡೋಣ."

ಸಚಿವರ ಮುಖ ಸಡಿಲವಾಯಿತು. "ಏನಪ್ಪ ಎಂಜಿನಿಯರೇ? ಕಾಂಕ್ರೀಟ್ ಅಂತ ಚೀಟಿ ಕೊಟ್ಟು ನನ್ನ ಮರ್ಯಾದೆ ಹರಾಜು ಹಾಕಿದೆಯಲ್ಲ. ಇದಾದರೂ ನಿಲ್ಲುತ್ತಾ?"

ಎಂಜಿನಿಯರರು ನೆಲ ನೋಡುತ್ತ, "ನಿಲ್ಲಬಹುದು ಸರ್," ಎಂದರು.

ಅದು ನಿಲ್ಲುತ್ತಿತ್ತು. ನನಗೂ ಅದರಿಂದ ಒಳ್ಳೆಯದೇ. ಅನುವಾದ ಸರಿ ಎಂದಾದರೆ ನನ್ನ ತಪ್ಪೂ ಇಲ್ಲ, ಕೆಲಸವೂ ಉಳಿಯುತ್ತದೆ. ಆದರೆ ಬೆಳಿಗ್ಗೆ ಸಚಿವರು ಓದಿದ ವಾಕ್ಯ ನನ್ನ ಕಿವಿಯಲ್ಲಿತ್ತು: ಪ್ರಶ್ನೆ ಉದ್ಭವಿಸುವುದಿಲ್ಲ. ಸೇತುವೆ ಇದೆ ಎಂದು ಒಮ್ಮೆ ಸದನದಲ್ಲಿ ದಾಖಲಾದರೆ ಆ ಊರಿನ ಅರ್ಜಿಯನ್ನು ಮುಂದೆ ಯಾರೂ ತೆರೆದು ನೋಡುವುದಿಲ್ಲ. ಅಂಥ ಅರ್ಜಿಗಳನ್ನು ನಾನೇ ಎಂಟು ತಿಂಗಳಿಂದ ಮುಚ್ಚುತ್ತ ಬಂದವಳು. ಊಟದ ಹೊತ್ತಿನಲ್ಲಿ ಕಾರಿಡಾರಿನ ಬೆಂಚಿನಲ್ಲಿ ಕೂತು ಕಾರ್ಡುಗಳನ್ನು ಡೈರಿಗೆ ತಾಳೆ ನೋಡಿ ಎರಡು ಸಲ ಎಣಿಸಿದ್ದೆ.

"ಸರ್, ಮೂವತ್ತೊಂದು," ಎಂದೆ.

ಎಲ್ಲರೂ ತಿರುಗಿದರು. "ಯಾರಮ್ಮ ನೀನು?"

"ಪಟ್ಟಿ ಮಾಡಿದವಳು ಸರ್. ನಲವತ್ತಮೂರರಲ್ಲಿ ಹನ್ನೆರಡು ಮಾತ್ರ ಸೇತುವೆ. ಮೂವತ್ತೊಂದು ಕಡೆ ಸಂಕ ಹಾಕಿದ್ದು. ಸೇತುವೆ ಅಂತ ಬರೆದದ್ದು ನಾನು."

ಹಿರಿಯ ಅಧಿಕಾರಿ, "ನಿನ್ನನ್ನು ಯಾರೂ ಕೇಳಲಿಲ್ಲ," ಎಂದರು. ಎಂಜಿನಿಯರರು ತಗ್ಗಿದ ದನಿಯಲ್ಲಿ, "ಎಂತ ಮಾಡ್ತಿ ನೀನು, ಸುಮ್ಮನೆ ಕೂರು," ಎಂದರು.

ಸಚಿವರು ಕೈ ಚಾಚಿದರು. ನಾನು ಡೈರಿ ಕೊಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ, ಪುಟದ ಮೇಲೆ ಬೆರಳಿಟ್ಟು, ತುಟಿ ಆಡಿಸುತ್ತ ಓದಿದರು: ಹಾಕಿದೆ, ಹಾಕಿ ಉಂಟು, ಹಾಕಿದೆ, ಹಾಕಿರುತ್ತೇವೆ. ಮುಗಿಯಲು ಬಹಳ ಹೊತ್ತು ಹಿಡಿಯಿತು.

"ನಮ್ಮೂರಲ್ಲಿ ಸೇತುವೆ ಕಟ್ತಾರೆ ಕಣ್ರೀ," ಎಂದರು ಅಧಿಕಾರಿಗೆ. "ಹಾಕೋದು ಹಲಗೆ. ನಿಮ್ಮ ನಿಘಂಟಲ್ಲಿ ಹಾಕೋದು ಅಂದ್ರೆ ಕಟ್ಟೋದು ಅಂತ ಇದ್ರೆ ತೋರಿಸಿ."

ನಿಘಂಟು ಮುಚ್ಚಿತು.

ಜುಲೈ ಇಪ್ಪತ್ತೊಂದು, ಪ್ರಶ್ನೋತ್ತರ ಮುಗಿದ ಕೂಡಲೇ ಸಚಿವರು ಎದ್ದರು. "ನಿನ್ನೆ ನಾನು ಕೊಟ್ಟ ಉತ್ತರ ತಪ್ಪು. ಸೇತುವೆ ಇಲ್ಲದಿರುವುದು ಹದಿನೆಂಟಲ್ಲ. ನಲವತ್ತೊಂಬತ್ತು." ಮುಂದಿನ ಒಂಬತ್ತು ನಿಮಿಷ ಅವರಿಗೆ ಮಾತಾಡಲು ಆಗಲಿಲ್ಲ, ಗೋಡೆಯ ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. "ಒಂದೇ ದಿನಕ್ಕೆ ಮೂವತ್ತೊಂದು ಸೇತುವೆ ನುಂಗಿದಿರಲ್ಲ, ಹೊಟ್ಟೆ ಹೇಗಿದೆ?" ಎಂದರೊಬ್ಬರು. "ರಾಜೀನಾಮೆ ಹಾಕಿ!" "ಸುಳ್ಳು ಬರೆದುಕೊಟ್ಟ ನೌಕರನ ಹೆಸರು ಹೇಳಿ, ಅಮಾನತು ಮಾಡಿ!"

ಆ ಕೊನೆಯ ಮಾತು ಐದಾರು ಬಾಯಿಗಳಿಂದ ಬಂತು. ನಾನು ಹಿಂದಿನ ಸಾಲಿನಲ್ಲಿ ಕೂತು ನನ್ನ ಹೆಸರು ಬರುವುದನ್ನು ಕಾಯುತ್ತಿದ್ದೆ. ಸಚಿವರು ನಮ್ಮ ಕಡೆ ನೋಡಲೇ ಇಲ್ಲ.

"ಓದಿದವನು ನಾನು. ಉತ್ತರ ನನ್ನದು. ಬೇರೆ ಹೆಸರಿಲ್ಲ."

ಗದ್ದಲ ಇಳಿದ ಮೇಲೆ ಆ ಬಿಳಿತಲೆಯ ಸದಸ್ಯರು ಎದ್ದರು. "ತಪ್ಪು ಒಪ್ಪಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಜನ ಹಾಕಿದ್ದು ಎಷ್ಟು ಎಂದು ಈಗ ತಿಳಿಯಿತು. ಸಚಿವರು ಕಟ್ಟುವುದು ಎಷ್ಟು?"

ಹದಿನೆಂಟರ ಬದಲು ನಲವತ್ತೊಂಬತ್ತೂ ಪ್ರಸ್ತಾವಕ್ಕೆ ಸೇರುತ್ತವೆ ಎಂದು ಸಚಿವರು ಹೇಳಿದರು. ಎಷ್ಟು ವರ್ಷದಲ್ಲಿ ಎಂಬುದಕ್ಕೆ ಉತ್ತರ ಬರಲಿಲ್ಲ.

ಇಪ್ಪತ್ತಮೂರಕ್ಕೆ ಉಡುಪಿಗೆ ಬಂದಾಗ ಮೇಜಿನ ಮೇಲೆ ನನಗೊಂದು ಮೆಮೊ ಇತ್ತು. ಮುಂದೆ ಜಾಗ್ರತೆ ವಹಿಸತಕ್ಕದ್ದು. ಮೇಲ್ವಿಚಾರಕರು, "ನನಗೂ ಒಂದು ಬಂದಿದೆಯಮ್ಮ," ಎಂದು ತಮ್ಮದನ್ನು ತೋರಿಸಿದರು. ಅಲ್ಲಿಗೆ ಈ ಸಂಗತಿ ಮುಗಿಯಿತು ಎಂದುಕೊಂಡೆ.

ಇಪ್ಪತ್ತನಾಲ್ಕರ ಸಂಜೆ ನಾಲ್ಕೂವರೆಗೆ ಮಣಿಪಾಲದ ಆಸ್ಪತ್ರೆಗೆ ಹೋದೆ. ಶಿಕ್ಷಕಿ ಮೂವತ್ತರ ಹತ್ತಿರದವರು. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು, ಕುತ್ತಿಗೆಯಲ್ಲಿ ತರಚು ಗಾಯ. ಹಾಸಿಗೆಯಲ್ಲೇ ಒರಗಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದರು.

"ನೀವು ಯಾರ ಪೈಕಿ?" ಎಂದು ಕೇಳಿದರು.

ಕಚೇರಿಯ ಹೆಸರು ಹೇಳಿದೆ. ಅವರ ಮುಖ ಬಾಡಿತು.

"ಪೇಪರಿನಲ್ಲಿ ನೋಡಿದೆ. ಊರಿನಿಂದ ಸುಳ್ಳು ಮಾಹಿತಿ ಹೋಗಿದೆ ಅಂತ ಹಾಕಿದ್ದಾರೆ. ನಾನು ಸುಳ್ಳು ಬರೆಯಲಿಲ್ಲ ಅಕ್ಕ. ಬರೆಯುವಾಗ ಸಂಕ ಇತ್ತು."

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. "ಎಂತದ್ದು ಬರೆಯುವಾಗ?"

"ಆ ಕಾರ್ಡು. ಶಾನುಭೋಗರಿಗೆ ಬಂದದ್ದು. ಅವರು ನನ್ನ ಹತ್ತಿರ ತಂದು, 'ಟೀಚರೇ, ನಿಮ್ಮ ಅಕ್ಷರ ಚಂದ ಉಂಟು, ನೀವೇ ಬರೀರಿ' ಅಂದರು. ಆ ದಿನ ಶಾಲೆಗೆ ರಜೆ. ನಾನು ಹೊರಗೆ ಬರಬೇಕಂತಲೇ ಇರಲಿಲ್ಲ. ಆದರೆ ಕೆಂಪಿನಲ್ಲಿ ಜರೂರು ಅಂತ ಬರೆದು ಎರಡು ಗೆರೆ ಬೇರೆ ಎಳೆದಿದ್ದರಲ್ಲ. ಹನ್ನೆರಡೂವರೆಯ ಬಸ್ಸು ನಿಲ್ಲುವುದು ಹೊಳೆಯ ಆಚೆ. ಹೋಗುವಾಗ ದಾಟಿದೆ, ಕಂಡಕ್ಟರ್ ಕೈಗೆ ಕೊಟ್ಟೆ. ಬರುವಾಗ ನಡುವಿಗೆ ಬಂದಿದ್ದೆ ನೋಡಿ."

ನಾನು ಪಕ್ಕದ ಸ್ಟೂಲಿನಲ್ಲಿ ಕೂತೆ. ಒದ್ದೆ ಎಂದು ನಾನು ಬರೆದದ್ದು ಆ ಮಳೆ. ಅಕ್ಷರ ಚಂದ ಎಂದು ಬರೆದದ್ದು ಇವರ ಕೈ. ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಕಾರ್ಡನ್ನು ದಾಖಲಿಸುವಾಗ ಇವರು ನೀರಿಗೆ ಬಿದ್ದು ಎರಡೂವರೆ ತಾಸಾಗಿತ್ತು.

"ಆ ಜರೂರು ಬರೆದದ್ದು ನಾನು," ಎಂದೆ.

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆಂದುಕೊಂಡೆ. ಕೆಂಪು ಪೆನ್ಸಿಲನ್ನು ಕಾಪಿ ಪುಸ್ತಕದೊಳಗಿಟ್ಟು ಮುಚ್ಚಿ, "ಇನ್ನೊಂದು ಸಾಲು ಬರೆಯಬೇಕಂತ ಇತ್ತು ನನಗೆ," ಎಂದರು. "ಮರ ಕುಂಬಾಗಿ ಕೊಳೆತಿದೆ, ಈ ಮಳೆ ತಡೆಯುವುದಿಲ್ಲ ಅಂತ. ಕಾರ್ಡಿನಲ್ಲಿ ಜಾಗ ಇರಲಿಲ್ಲ, ಅಲ್ವಾ?"

ಡೈರಿಯ ಆ ದಿನದ ಪುಟದಲ್ಲಿ ಇರುವುದು ತಾರೀಕು, ನಾಲ್ಕೂವರೆ ಎಂಬ ಸಮಯ, ಮತ್ತು "ಜಾಗ ಇರಲಿಲ್ಲ" ಎಂಬ ಎರಡು ಪದ.

ನಲವತ್ತೊಂಬತ್ತರಲ್ಲಿ ಇಲ್ಲಿಯವರೆಗೆ ಹನ್ನೊಂದು ಕಡೆ ಸೇತುವೆಯಾಗಿದೆ. ಇಪ್ಪತ್ತೇಳರದ್ದು ಎರಡನೇ ವರ್ಷ ಆಯಿತು. ಶಿಕ್ಷಕಿ ಈಗ ಸ್ವಲ್ಪ ಕುಂಟುತ್ತಾರೆ, ಅದೇ ಶಾಲೆಯಲ್ಲಿದ್ದಾರೆ. ಅವರು ನನಗೆ ಒಂದು ಕಾರ್ಡು ಬರೆದಿದ್ದರು: "ಸೇತುವೆ ಕಟ್ಟಿದ್ದಾರೆ. ಆದರೂ ಮಕ್ಕಳು ಸಂಕ ಅಂತಲೇ ಹೇಳುವುದು." ನಾನೀಗ ಕಳಿಸುವ ನಮೂನೆಗಳಲ್ಲಿ ಉತ್ತರದ ಗೆರೆಯ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಡುತ್ತೇನೆ. ಕಾಗದ ಹಾಳು ಎಂದು ಹೊಸ ಮೇಲ್ವಿಚಾರಕರು ಗೊಣಗುತ್ತಾರೆ.

ಒಂದು ವಿಷಯ ಮಾತ್ರ ನನಗೂ, ಶಿಕ್ಷಕಿಗೂ ಇಂದಿಗೂ ತಿಳಿದಿಲ್ಲ. ಆ ಮಧ್ಯಾಹ್ನ ಸುಮಾರು ಇನ್ನೂರು ಮಾರು ಕೆಳಗೆ, ದಡದ ಮರವೊಂದನ್ನು ಹಿಡಿದು ನೀರಿಗಿಳಿದು ಅವರನ್ನು ಎಳೆದವರೊಬ್ಬರಿದ್ದರು. "ಕೈ ಬುಡೊಡ್ಚಿ ಟೀಚರೇ," ಕೈ ಬಿಡಬೇಡಿ ಎಂದು ಅವರು ತುಳುವಿನಲ್ಲಿ ಹೇಳುತ್ತಲೇ ಇದ್ದರಂತೆ. ಶಿಕ್ಷಕಿಗೆ ಎಚ್ಚರ ಬಂದಾಗ ಸುತ್ತ ಊರವರಿದ್ದರು, ಅವರಿರಲಿಲ್ಲ. ಬಸ್ಸಿನಿಂದ ಇಳಿದ ಯಾರೋ ಪರವೂರಿನವರು ಎನ್ನುತ್ತಾರೆ ಕೆಲವರು. ಆ ಕಂಡಕ್ಟರೇ ಇರಬಹುದು ಎನ್ನುತ್ತಾರೆ ಕೆಲವರು. ಆದರೆ ಕಾರ್ಡು ಮೂರು ಹತ್ತಕ್ಕೆ ಉಡುಪಿಗೆ ಬಂದಿದೆ, ಕಂಡಕ್ಟರಾಗಿರಲಾರರು. ಜುಲೈ ಹದಿನಾಲ್ಕರ ಪುಟದಲ್ಲಿ ಆ ಹೆಸರಿಗೆಂದು ನಾನು ಒಂದು ಗೆರೆ ಖಾಲಿ ಬಿಟ್ಟಿದ್ದೇನೆ. ಓದುಗರಲ್ಲಿ ಯಾರಿಗಾದರೂ ಅವರ ಗುರುತಿದ್ದರೆ, ಅಥವಾ ಅವರೇ ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಜರೂರೇನಿಲ್ಲ. ಮಳೆ ನಿಂತ ಮೇಲೆ ಬರೆದರೂ ಸಾಕು.